ಪದ ಪರಿಚಯ: ಕಸ ವರ್ಗಾವಣೆ ಕೇಂದ್ರ

ಮನೆಮನೆಯಿಂದ ಕಸ ಎತ್ತುವ ಸಣ್ಣ ಗಾಡಿಗಳು ಬಂದು ಹೊರೆ ಇಳಿಸುವ, ಅಲ್ಲಿಂದ ಅದನ್ನು ದೊಡ್ಡ ಲಾರಿಗೆ ತುಂಬಿ ದೂರದ ಸಂಸ್ಕರಣಾ ಘಟಕಕ್ಕೋ ಕಸ ಹೂಳುವ ಭೂಭರ್ತಿ ಜಾಗಕ್ಕೋ ಕಳಿಸುವ ನಡುವಣ ತಾಣವೇ ಕಸ ವರ್ಗಾವಣೆ ಕೇಂದ್ರ. ಇಲ್ಲಿ ಕಸ ಬೀಡುಬಿಡುವಂತಿಲ್ಲ. ಬಂದಷ್ಟೇ ಬೇಗ ಹೊರಡಬೇಕು. ಹಳ್ಳಿಗಾಡಿನಲ್ಲಿ ಒಣಕಸ ಬೇರ್ಪಡಿಸುವ ಮರುಬಳಕೆ ಶೆಡ್ಡೂ ಇದರ ಪಕ್ಕದಲ್ಲೇ ಇದ್ದರೆ ಅನುಕೂಲ.

ಹಳ್ಳಿಯ ಲೆಕ್ಕ ಪಟ್ಟಣದ್ದಕ್ಕಿಂತ ಬೇರೆ. ಮನೆಗಳು ಚದುರಿರುತ್ತವೆ, ಕಸ ಕಡಿಮೆ, ದಾರಿ ಉದ್ದ. ಖಾಲಿ ಬಾಟಲಿಗಳನ್ನು ಹಾಗೇ ತುಂಬಿಕೊಂಡ ಲಾರಿ ಹೊರುವುದು ಬಹುಪಾಲು ಗಾಳಿಯನ್ನೇ. ಡೀಸೆಲ್ ಖರ್ಚಿನಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಇಂಥ ಕೇಂದ್ರವನ್ನು ಮೇಲ್ದರ್ಜೆಗೇರಿಸುವುದು ಎಂದೊಡನೆ ಯಂತ್ರದ ಮಾತು ಬರುತ್ತದೆ. ನನ್ನನ್ನು ಕೇಳಿದರೆ ಮೊದಲು ಚಾವಣಿ, ಆಮೇಲೆ ನೆಲ. ಮಳೆಗೆ ನೆನೆದ ರಟ್ಟು ಬೂಸಲು ಹಿಡಿಯುತ್ತದೆ, ಅದರ ನಾರು ಸಡಿಲವಾಗುತ್ತದೆ. ಕೊಳ್ಳುವವನು ನೀರಿನ ತೂಕ ಕಳೆದು ದುಡ್ಡು ಕೊಡುತ್ತಾನೆ, ಇಲ್ಲವೇ ಬೇಡವೆನ್ನುತ್ತಾನೆ. ಅದೇ ಮಳೆ ಹಸಿಕಸದ ಮೂಲಕ ಇಳಿದರೆ ಲೀಚೇಟ್ ಎಂಬ ಕಪ್ಪು ಕೊಳೆನೀರಾಗಿ ಮಣ್ಣಿಗೂ ಬಾವಿಗೂ ಸೇರಬಹುದು. ಆದ್ದರಿಂದ ಕಾಂಕ್ರೀಟ್ ನೆಲಕ್ಕೆ ಒಂದು ಬದಿಗೆ ಇಳಿಜಾರು ಕೊಟ್ಟು, ಚರಂಡಿ ಮಾಡಿ, ಆ ನೀರನ್ನು ತೊಟ್ಟಿಯಲ್ಲಿ ಹಿಡಿಯಬೇಕು. ಚಾವಣಿಯ ಮಳೆನೀರು ಇದರೊಂದಿಗೆ ಬೆರೆಯದಂತೆ ಬೇರೆ ದಾರಿಯಲ್ಲಿ ಹೋಗಬೇಕು. ಬೆರೆತರೆ ಶುದ್ಧ ಮಾಡಬೇಕಾದ ನೀರೇ ಹಲವು ಪಟ್ಟಾಗುತ್ತದೆ.

ನಂತರ ತೂಕದ ವ್ಯವಸ್ಥೆ. ಎಷ್ಟು ಬಂತು, ಎಷ್ಟು ಹೋಯಿತು ಎಂದು ತಿಳಿಯದೆ ಯಾವ ಯಂತ್ರ ಬೇಕೆಂದು ಹೇಳುವುದು ಹೇಗೆ?

ಬೇಲಿಂಗ್ ಯಂತ್ರ ಬರುವುದು ಆಮೇಲೆ. ಅದು ರಟ್ಟು, ಬಾಟಲಿ, ಡಬ್ಬಗಳನ್ನು ಒತ್ತಿ ಬಿಗಿಯಾದ ಪೆಂಡಿ ಕಟ್ಟುತ್ತದೆ. ಆದರೆ ಪೆಂಡಿಯೊಳಗೆ ಏನಿದೆ ಎಂಬುದರ ಮೇಲೆ ಬೆಲೆ. 2018ರಲ್ಲಿ ಚೀನಾ, ಆಮದಾಗುವ ಹೆಚ್ಚಿನ ಬಗೆಯ ರದ್ದಿಯಲ್ಲಿ ಬೆರಕೆ ಶೇ 0.5ನ್ನು ಮೀರಬಾರದೆಂದು ಬಿಗಿ ಮಾಡಿದಾಗ, ಕಲಬೆರಕೆ ಪೆಂಡಿಗಳನ್ನೇ ಕಟ್ಟಿ ರೂಢಿಯಾಗಿದ್ದ ದೇಶಗಳು ಪೇಚಿಗೆ ಸಿಕ್ಕಿದವು. ಹೀಗಾಗಿ ವಿಂಗಡಿಸುವ ಮೇಜು, ಒಳ್ಳೆಯ ಬೆಳಕು, ಕೈಗವಸು ಇವೂ ಮೇಲ್ದರ್ಜೆಗೇರಿಸುವುದರ ಭಾಗವೇ. ಲಿಥಿಯಂ ಬ್ಯಾಟರಿಗಳಿಗೆ ಪ್ರತ್ಯೇಕ ಡಬ್ಬವಂತೂ ಇರಲೇಬೇಕು. ಒತ್ತುಯಂತ್ರದಲ್ಲಿ ಒಂದು ನಜ್ಜುಗುಜ್ಜಾದರೂ ಬೆಂಕಿ ಹೊತ್ತಿಕೊಳ್ಳಬಹುದು.

ಪ್ರತಿ ಹಳ್ಳಿಗೂ ಒಂದು ಬೇಲಿಂಗ್ ಯಂತ್ರ ಎಂಬುದು ಭಾಷಣಕ್ಕೆ ಚೆಂದ. ಕಸ ಸಾಲದೆ ವಾರಗಟ್ಟಲೆ ಸುಮ್ಮನೆ ನಿಲ್ಲುವ ಯಂತ್ರಕ್ಕೂ ವಿದ್ಯುತ್ ಸಂಪರ್ಕ ಬೇಕು, ರಿಪೇರಿ ಬೇಕು, ನಡೆಸಬಲ್ಲ ಆಳು ಬೇಕು. ಸುತ್ತಲಿನ ಊರುಗಳಲ್ಲಿ ವಿಂಗಡಣೆ ಮಾತ್ರ ನಡೆದು, ನಡುವಿನ ಒಂದು ಕೇಂದ್ರದಲ್ಲಿ ಪೆಂಡಿ ಕಟ್ಟಿದರೆ, ಖರೀದಿದಾರ ಕೇಳುವ ತುಂಬಿದ ಲಾರಿಯ ಲೋಡೂ ಬೇಗ ಸಿದ್ಧವಾಗುತ್ತದೆ.