ಎಂಜಿನ್ ಟಕ್ ಟಕ್ ಅಂದರೆ ಮೊದಲು ಆಯಿಲ್ ನೋಡಿ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಮೇಲ್ಭಾಗದಿಂದ ಟಕ್ ಟಕ್ ಸದ್ದು. ಕೆಲವೇ ಸೆಕೆಂಡಿನಲ್ಲಿ ನಿಂತರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ರಾತ್ರಿಯಿಡೀ ಕೆಳಗಿಳಿದ ಆಯಿಲ್ ಮತ್ತೆ ಮೇಲೇರಲು ಅಷ್ಟು ಹೊತ್ತು ಬೇಕು. ಎಂಜಿನ್ ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಕಾರಣ ಹುಡುಕಲೇಬೇಕು. ಹಾಗಂತ ಎಂಜಿನ್ ಬಿಚ್ಚಿಸಲು ಅವಸರ ಬೇಡ. ಇಲ್ಲಿ ಹೇಳುತ್ತಿರುವುದು ಟ್ಯಾಪೆಟ್ಟಿನ ಸದ್ದಿನ ಬಗ್ಗೆ. ವಾಲ್ವ್ ತೆರೆದು ಮುಚ್ಚುವ ಜೋಡಣೆಯ ಒಂದು ಬಿಡಿಭಾಗ ಈ ಟ್ಯಾಪೆಟ್.

ಅಂಬಾಸಿಡರ್ ಕಾಲದ ಎಂಜಿನ್ನಿನಲ್ಲಿ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಬಾಗಿಲು) ಮತ್ತು ಅದನ್ನು ಒತ್ತುವ ರಾಕರ್ ನಡುವೆ ಬೇಕೆಂದೇ ಸಣ್ಣ ಸಂದು ಬಿಡುತ್ತಿದ್ದರು. ಬಿಸಿಗೆ ವಾಲ್ವ್ ಉದ್ದವಾಗುತ್ತದೆ ಅಲ್ವಾ, ಅದಕ್ಕೆ ಜಾಗ ಬೇಕು. ಫೀಲರ್ ಗೇಜ್ ಎಂಬ ತೆಳು ಪಟ್ಟಿ ತೂರಿಸಿ ಸ್ಕ್ರೂ ತಿರುಗಿಸುವ ಆ ಕೆಲಸವೇ ಟ್ಯಾಪೆಟ್ ಸೆಟ್ಟಿಂಗ್. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಬಂದಿದ್ದೇ ಈ ಸಂದನ್ನು ಇಲ್ಲವಾಗಿಸಲು.

ಸ್ವಿಫ್ಟ್ ಡೀಸೆಲ್‌ನಲ್ಲಿದ್ದ ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ತೆಗೆದುಕೊಳ್ಳಿ. ವಾಲ್ವ್ 16, ಟ್ಯಾಪೆಟ್ಟೂ 16. ಪ್ರತಿ ಟ್ಯಾಪೆಟ್ ಒಳಗೆ ಮೇಲೆ ಕೆಳಗೆ ಜಾರುವ ಒಂದು ಪ್ಲಂಜರ್, ಅದರ ಕೆಳಗೆ ಆಯಿಲ್ ತುಂಬುವ ಪುಟ್ಟ ಕೋಣೆ, ಒಂದು ಸ್ಪ್ರಿಂಗ್, ಒಂದು ಗುಂಡು. ಕ್ಯಾಮ್, ಅಂದರೆ ತಿರುಗುತ್ತಾ ವಾಲ್ವ್ ತೆರೆಸುವ ಉಬ್ಬು, ಒತ್ತದೇ ಇದ್ದಾಗ ಸ್ಪ್ರಿಂಗ್ ಪ್ಲಂಜರನ್ನು ಎತ್ತಿ ಸಂದು ಮುಚ್ಚುತ್ತದೆ, ಆಯಿಲ್ ಒಳಗೆ ಬರುತ್ತದೆ. ಕ್ಯಾಮ್ ಒತ್ತಿದ ತಕ್ಷಣ ಗುಂಡು ದಾರಿ ಮುಚ್ಚುತ್ತದೆ. ಸಿಕ್ಕಿಬಿದ್ದ ಆಯಿಲ್ ಕುಗ್ಗುವುದಿಲ್ಲ, ಟ್ಯಾಪೆಟ್ ಗಟ್ಟಿಯಾಗಿ ನಿಲ್ಲುತ್ತದೆ.

ಒಳಗೆ ಗಾಳಿ ಸೇರಿತೋ, ಕಥೆ ಬದಲಾಗುತ್ತದೆ. ಸಿರಿಂಜಿನ ಬಾಯಿ ಬೆರಳಿನಿಂದ ಮುಚ್ಚಿ ಒತ್ತಿ ನೋಡಿ: ನೀರಿದ್ದರೆ ಜಗ್ಗುವುದಿಲ್ಲ, ಗಾಳಿಯಿದ್ದರೆ ಕುಗ್ಗುತ್ತದೆ. ಟ್ಯಾಪೆಟ್ ಹೀಗೆ ಕುಗ್ಗಿದಾಗ ಸಂದು ಹುಟ್ಟುತ್ತದೆ, ಲೋಹಕ್ಕೆ ಲೋಹ ಬಡಿಯುತ್ತದೆ.

ಗಾಳಿ ಬರುವುದು ಎಲ್ಲಿಂದ? ಆಯಿಲ್ ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ. ಇದು ಎಲ್ಲರಿಗೂ ಹೊಳೆಯುತ್ತದೆ. ಆಯಿಲ್ ಜಾಸ್ತಿಯಾದರೂ ಇದೇ ತೊಂದರೆ ಎಂಬುದು ಹೊಳೆಯುವುದಿಲ್ಲ. ಮಟ್ಟ ತೀರಾ ಮೇಲಿದ್ದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಆ ನೊರೆಯೇ ಟ್ಯಾಪೆಟ್ಟಿಗೆ ಹೋಗುತ್ತದೆ. ‘ಇರಲಿ’ ಅಂತ ಮೇಲೆ ಅರ್ಧ ಲೀಟರ್ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಎರಡು ಗುರುತಿನ ನಡುವೆ ಇರಬೇಕು. ಹಳೇ ಆಯಿಲಿನ ಜಿಡ್ಡು ಟ್ಯಾಪೆಟ್ಟಿನೊಳಗಿನ ಆ ಗುಂಡಿಗೆ ಅಂಟಿದರೂ, ಪ್ಲಂಜರ್ ಸವೆದರೂ ಸದ್ದು ಬರುತ್ತದೆ.

ಸದ್ದು ಟ್ಯಾಪೆಟ್ಟಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ಕ್ಯಾಮ್ ತಿರುಗುವುದು ಎಂಜಿನ್ನಿನ ಅರ್ಧ ವೇಗದಲ್ಲಿ. 840 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ 840 ಸುತ್ತು) ಒಂದು ಟ್ಯಾಪೆಟ್ ಸೆಕೆಂಡಿಗೆ 7 ಸಲ ಬಡಿಯುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಸದ್ದೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಬರೀ ಕಿವಿ ಸಾಲದು. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿನ ಮುಚ್ಚಳಕ್ಕೂ (ಹೆಡ್ ಕವರ್) ಆಮೇಲೆ ಇಂಜೆಕ್ಟರಿನ ಹತ್ತಿರಕ್ಕೂ ಊರಿ, ಹಿಡಿಗೆ ಕಿವಿಯಿಟ್ಟು ಹೋಲಿಸಬೇಕು. ಬೆಲ್ಟಿನಿಂದ ಕೂದಲು, ಬಟ್ಟೆ ದೂರ ಇರಲಿ. ಕೆಳಗಿನಿಂದ ದಪ್ಪ ದನಿಯಲ್ಲಿ ಬಡಿದರೆ, ಅಥವಾ ಆಯಿಲ್ ಪ್ರೆಶರ್ ಲೈಟ್ ಹತ್ತಿದರೆ, ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಿ.

ರಿಪೇರಿ ಶುರುವಾಗಬೇಕಾದ್ದು ಕಂಪನಿ ಹೇಳಿದ ಗ್ರೇಡಿನ ಹೊಸ ಆಯಿಲ್ ಮತ್ತು ಒಳ್ಳೆಯ ಫಿಲ್ಟರಿನಿಂದ. ನಂತರ ಬಿಸಿಯಾದ ಎಂಜಿನ್ನನ್ನು 2000ದಿಂದ 2500 ಆರ್‌ಪಿಎಂನಲ್ಲಿ ಕೆಲವು ನಿಮಿಷ ಓಡಿಸಿದರೆ ಸಿಕ್ಕಿಕೊಂಡ ಗಾಳಿ ಬಹಳ ಸಲ ಹೊರಬೀಳುತ್ತದೆ. ಸದ್ದು ಅಡಗಿಸಲು ದಪ್ಪ ಆಯಿಲ್ ಹಾಕುವುದು ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಚಳಿಯ ಬೆಳಿಗ್ಗೆ ಅದು ಮೇಲೇರುವುದೇ ನಿಧಾನ. ಹೈಡ್ರಾಲಿಕ್ ಟ್ಯಾಪೆಟ್ಟಿನ ಈ ಮಲ್ಟಿಜೆಟ್ ಎಂಜಿನ್ನಿಗೆ ‘ಟ್ಯಾಪೆಟ್ ಸೆಟ್ಟಿಂಗ್’ ಅಂತ ಬಿಲ್ ಹಾಕಿದರೆ ಏನು ಸೆಟ್ ಮಾಡಿದಿರಿ ಅಂತ ಧಾರಾಳವಾಗಿ ಕೇಳಿ. ತಿರುಗಿಸಲು ಅಲ್ಲಿ ಸ್ಕ್ರೂ ಇಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಬಿಚ್ಚಬೇಕು. ಕ್ಯಾಮ್ ಒತ್ತದ ಸ್ಥಿತಿಯಲ್ಲಿ ಟ್ಯಾಪೆಟ್ ಒತ್ತಿದಾಗ ಸ್ಪಂಜಿನಂತೆ ಕುಗ್ಗಿದರೆ ಅದು ಕೆಟ್ಟಿದೆ. ಹೊಸದು ಕೂರಿಸಿದ ಕೂಡಲೇ ಕೀ ತಿರುಗಿಸಬಾರದು. ಆಯಿಲ್ ತುಂಬಿ ಉದ್ದವಾಗಿರುವ ಟ್ಯಾಪೆಟ್ ವಾಲ್ವನ್ನು ತೆರೆದೇ ಹಿಡಿದರೆ ಪಿಸ್ಟನ್ ಬಂದು ಗುದ್ದುತ್ತದೆ. ಅರ್ಧ ಗಂಟೆಯಾದರೂ ಕಾದು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆಯಿಲ್ಲ ಅಂತಾದ ಮೇಲೆ ಸ್ಟಾರ್ಟ್ ಮಾಡಬೇಕು.