ಅಡಕೆಯ ಡಕಾರ ಎಲ್ಲಿ ಹೋಯಿತು?

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಇಂಗ್ಲಿಷ್ ದೂರದ ಭಾಷೆ ಎನಿಸುವುದು ಸಹಜ. ಆದರೆ ಅವರ ಅಂಗಳದಲ್ಲಿ ಒಣಗುವ ಅಡಕೆಯೇ ಇಂಗ್ಲಿಷ್ ನಿಘಂಟಿನಲ್ಲಿ 'ಅರೆಕಾ' ಆಗಿ ಸೇರಿಕೊಂಡಿದೆ. ಮಲಯಾಳಂನ 'ಅಡಯ್ಕ'ವನ್ನು ಪೋರ್ಚುಗೀಸರು ತಮ್ಮದಾಗಿಸಿಕೊಂಡರು. ಇಂಗ್ಲಿಷಿಗೆ ಅದು ಸಿಕ್ಕಿದ್ದು ಅವರಿಂದ. 1753ರಲ್ಲಿ ಲಿನೇಯಸ್ ಈ ಮರವನ್ನು 'ಅರೆಕಾ ಕಟೇಚು' ಎಂದು ಕರೆದ ಮೇಲೆ ಸಸ್ಯವಿಜ್ಞಾನದಲ್ಲೂ ಅದೇ ಹೆಸರು ನಿಂತಿತು.

ಡಕಾರ ರಕಾರವಾದದ್ದು ಹೇಗೆ? 'ಅಡಕೆ' ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ಎರಡು ಸ್ವರಗಳ ನಡುವೆ ಆ ತಾಗುವಿಕೆ ಕ್ಷಣಮಾತ್ರದ್ದು, ಬರಿದೇ ತಟ್ಟಿ ಹೋದಂತೆ. ಪೋರ್ಚುಗೀಸಿನಲ್ಲಿ ನಮ್ಮ ಮೂರ್ಧನ್ಯ ಡಕಾರವಿಲ್ಲ. ನಾಲಿಗೆ ಹಾಗೆ ತಟ್ಟಿ ಹೋಗುವ ಅವರ ಧ್ವನಿಯೆಂದರೆ ರಕಾರ. ಪರಿಚಯವಿಲ್ಲದ ಧ್ವನಿ ಬಿದ್ದಾಗ ಕಿವಿ ತಾನು ಬಲ್ಲವುಗಳಲ್ಲಿ ಹತ್ತಿರದ್ದನ್ನು ಹಿಡಿದುಕೊಳ್ಳುತ್ತದೆ. ಇದನ್ನು ಪರದೇಶಿಗಳ ಅಪಭ್ರಂಶವೆಂದು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಿವಿಯೂ ಕೆಲಸ ಮಾಡುವುದು ಹೀಗೆಯೇ.

ಅಡಕೆಯ ಜೊತೆಗೆ ಎಲೆಯೂ ಹೊರಟಿತು: 'ವೆಟ್ಟಿಲ' ಪೋರ್ಚುಗೀಸಿನ ಮೂಲಕ 'ಬೀಟಲ್' ಆಯಿತು. ವಕಾರವಿದ್ದಲ್ಲಿ ಬಕಾರ ಕೇಳುವುದು ಗಡಿನಾಡಿನವರಿಗೆ ಹೊಸತಲ್ಲ. ಮಲಯಾಳಂನಲ್ಲಿ 'ವಾ' ಎಂದು ಕರೆದರೆ ಕನ್ನಡದಲ್ಲಿ 'ಬಾ'; ಅಲ್ಲಿ 'ವೇರ್', ಇಲ್ಲಿ 'ಬೇರು'. ಸೋಜಿಗವೆಂದರೆ ಆ ಬೇರು 'ಜಿಂಜರ್' ಪದದ ಒಳಗೂ ಇದೆ. 'ಇಂಜಿ', 'ವೇರ್' ಕೂಡಿದ ದ್ರಾವಿಡ ಪದವೇ ಅದರ ಮೂಲವೆಂದು ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ. ಪ್ರಾಕೃತ, ಗ್ರೀಕ್, ಲ್ಯಾಟಿನ್ ದಾಟಿ ಬರುವಾಗ ಮೈಯೆಲ್ಲ ಸವೆದರೂ 'ವೇರ್'ನ ಕೊನೆಯ ರಕಾರ ಉಳಿದುಕೊಂಡಿದೆ.

ಚಕ್ಕ 'ಜಾಕ್‌ಫ್ರೂಟ್' ಆದದ್ದು, ತೇಕ್ಕು 'ಟೀಕ್' ಆದದ್ದು, ಕಯರ್ 'ಕಾಯರ್' ಆದದ್ದು ಇದೇ ಕರಾವಳಿಯಿಂದ.

'ಆರೆಂಜ್' ಕಥೆ ಬೇರೆ. ಮಲಯಾಳಂನ 'ನಾರಂಙ', ನಮ್ಮ 'ನಾರಂಗಿ', ಪರ್ಷಿಯನ್ 'ನಾರಂಗ್', ಅರಬ್ಬಿಯ 'ನಾರಂಜ್', ಸ್ಪ್ಯಾನಿಷ್ 'ನರಾಂಹ' ಎಲ್ಲದರಲ್ಲೂ ಮೊದಲ ನಕಾರವಿದೆ. ಇಟಾಲಿಯನ್ನರು ಅದರ ಹಿಂದೆ 'ಊನ' ಸೇರಿಸಿ 'ಒಂದು ನಾರಂಗಿ' ಎನ್ನುತ್ತಿದ್ದಾಗ ಎರಡು ನಕಾರಗಳು ಒತ್ತಿಗೆ ಬಂದವು. ಕೇಳಿದವರು ಒಂದನ್ನೇ ಉಳಿಸಿ, ಅದನ್ನೂ ಹಿಂದಿನ ಪದಕ್ಕೆ ಕೊಟ್ಟರು. ಹೀಗೆ ನಕಾರ ಕಳಚಿದ ರೂಪವೇ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂತು. ಇಂಗ್ಲಿಷಿನೊಳಗೂ ಇಂಥ ತಪ್ಪು ಬಿಡಿಸುವಿಕೆ ನಡೆದಿದೆ. 'ಎ ನೇಪ್ರನ್' ಎಂಬುದು 'ಆ್ಯನ್ ಏಪ್ರನ್' ಆಯಿತು. ಇದಕ್ಕೆ ತದ್ವಿರುದ್ಧವಾಗಿ, ಹೆಚ್ಚಿನ ಹೆಸರು ಎಂಬ ಅರ್ಥದ 'ಆ್ಯನ್ ಎಕ್‌ನೇಮ್' ಪಕ್ಕದ ನಕಾರವನ್ನು ಎಳೆದುಕೊಂಡು ಇಂದಿನ 'ನಿಕ್‌ನೇಮ್' ಆಗಿದೆ.