ಪ್ರೀಕಂಪೈಲರ್: ಆ ‘ಪ್ರೀ’ ಯಾವ ‘ಪ್ರೀ’?

“ಅದು ಪ್ರೀಕಂಪೈಲ್ ಆಗಿರೋ ಫೈಲ್ ಅಲ್ವಾ, ಅದರಲ್ಲಿ ಡೀಬಗ್ ಮಾಡೋಕೆ ಏನಿದೆ?” ಮೊನ್ನೆ ಮತ್ತೆ ಈ ಮಾತು ಕಿವಿಗೆ ಬಿತ್ತು. (ಡೀಬಗ್ ಅಂದರೆ ಪ್ರೋಗ್ರಾಮಿನ ತಪ್ಪು ಹುಡುಕುವುದು; ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವ ಮೆಷಿನ್ ಕೋಡ್ ಮಾಡುವ ತಂತ್ರಾಂಶ.) ಪ್ರೀಕಂಪೈಲರ್, ಪ್ರೀಕಂಪೈಲ್ಡ್ ಹೆಡರ್ ಎರಡನ್ನೂ ಒಂದೇ ಚೀಲಕ್ಕೆ ತುರುಕುವ ಚಾಳಿ ಇದು.

ತಕರಾರೆಲ್ಲ ಆ ‘ಪ್ರೀ’ಯದ್ದು. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ‘ಮುಂಚೆ’ ಎಂದರ್ಥ. ಯಾವುದಕ್ಕೆ ಮುಂಚೆ ಅನ್ನುವುದೇ ಪ್ರಶ್ನೆ. ಮುಂಗಡ ಅಂದರೆ ಮೊದಲೇ ಕೊಟ್ಟ ದುಡ್ಡು, ಅದೂ ದುಡ್ಡೇ. ಪರೀಕ್ಷೆಯ ಮುನ್ನಾದಿನ ಪರೀಕ್ಷೆ ಇರುವುದಿಲ್ಲ. ಹೆಡರ್ ಅಂದರೆ ಹಲವು ಫೈಲುಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್. ಪ್ರೀಕಂಪೈಲ್ಡ್ ಹೆಡರ್ ಮುಂಗಡದ ಜಾತಿ: ಕಂಪೈಲರ್ ತಾನೇ ಮೊದಲೇ ಮಾಡಿಟ್ಟ ಕೆಲಸ. ಪ್ರೀಕಂಪೈಲರ್ ಮುನ್ನಾದಿನದ ಜಾತಿ: ಕಂಪೈಲರ್‌ಗೆ ಮುಂಚೆ ಬರುತ್ತದೆ, ತಾನು ಮೆಷಿನ್ ಕೋಡ್ ಮಾಡುವುದಿಲ್ಲ. ಪಠ್ಯ ಓದಿ ಬೇರೆ ಪಠ್ಯ ಬರೆಯುತ್ತದೆ, ಅಷ್ಟೇ. ಅದನ್ನು ಓಡಿಸುವುದಕ್ಕೂ ‘ಪ್ರೀಕಂಪೈಲ್ ಮಾಡು’ ಅಂತಲೇ ಹೇಳುತ್ತಾರೆ. ಗೊಂದಲ ಆಗದೆ ಇನ್ನೇನು!

ಒರಾಕಲ್ ಡೇಟಾಬೇಸಿನ ಪ್ರೋ*ಸಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಇಸಿಪಿಜಿ ಈ ಬಗೆಯ ಪ್ರೀಕಂಪೈಲರ್‌ಗಳು. ಸಿ ಭಾಷೆಯ ಪ್ರೋಗ್ರಾಮಿನ ನಡುವೆ ನೀವು ಬರೆದ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಅನ್ನು ಲೈಬ್ರರಿ ಕರೆಗಳಾಗಿ ಬದಲಿಸಿ ಹೊಸ ಸಿ ಫೈಲ್ ಕೊಡುತ್ತವೆ. ಕಂಪೈಲರ್ ಕಣ್ಣಿಗೆ ಬೀಳುವುದು ಆ ಹೊಸ ಫೈಲ್ ಮಾತ್ರ. ನಿಮ್ಮ 40ನೇ ಸಾಲು ಅಲ್ಲಿ 200ರ ಆಚೆ ಹೋಗಿರಬಹುದು. ಡೀಬಗ್ಗರ್, ಅಂದರೆ ಪ್ರೋಗ್ರಾಮನ್ನು ಸಾಲು ಸಾಲಾಗಿ ಓಡಿಸಿ ತೋರಿಸುವ ಸಾಧನ, ತೋರಿಸುವ ಸಾಲನ್ನು ನೀವು ಜನ್ಮದಲ್ಲಿ ಬರೆದಿರುವುದಿಲ್ಲ. “ಡೀಬಗ್ಗರ್ ಕೆಟ್ಟಿದೆ” ಅನ್ನುವ ದೂರು ಹುಟ್ಟುವುದು ಇಲ್ಲೇ.

ಇದಕ್ಕೆ ಮದ್ದು ‘#ಲೈನ್’ ಡೈರೆಕ್ಟಿವ್, ಅಂದರೆ ಹೊಸ ಸಿ ಫೈಲಿನೊಳಗೆ ಬರೆಯುವ ಒಂದು ಸೂಚನೆ. ‘ಮುಂದಿನ ಸಾಲನ್ನು ಇಂಥ ಫೈಲಿನ ಇಷ್ಟನೇ ಸಾಲು ಅಂತ ಎಣಿಸು’ ಎಂದು ಅದು ಕಂಪೈಲರ್‌ಗೆ ಹೇಳುತ್ತದೆ. ಇಸಿಪಿಜಿ ಕೇಳದೆಯೇ ಹಾಕುತ್ತದೆ. ಅದರ ದೋಷಸಂದೇಶದಲ್ಲೂ ನಿಮ್ಮ ಮೂಲ ಸಾಲಿನ ಸಂಖ್ಯೆಯೇ ಬರುತ್ತದೆ. ಪ್ರೋ*ಸಿಯಲ್ಲಿ ಮಾತ್ರ ‘ಲೈನ್ಸ್=ಯೆಸ್’ ಅಂತ ನೀವೇ ಕೇಳಬೇಕು; ಸುಮ್ನೆ ಬಿಟ್ಟರೆ ‘ನೋ’. ಯಾಕೆ ಹಾಗಿಟ್ಟರೋ!

ಆಮೇಲೂ ಒಂದು ಕಿರಿಕಿರಿ ಉಳಿಯುತ್ತದೆ. ಒಂದು ಎಸ್‌ಕ್ಯೂಎಲ್ ಹೇಳಿಕೆ ಹತ್ತಾರು ಸಿ ಸಾಲುಗಳಾಗಿರುತ್ತದೆ. ಹೆಜ್ಜೆ ಹೆಜ್ಜೆಯಾಗಿ ಹೋದರೆ ಡೀಬಗ್ಗರ್ ಅಲ್ಲೇ ಸುತ್ತಿದಂತೆ ಕಾಣಬಹುದು. ವೇರಿಯಬಲ್‌ಗಳ ಪಟ್ಟಿಯಲ್ಲಿ ನೀವು ಬರೆಯದ ‘ಎಸ್‌ಕ್ಯೂಎಲ್‌ಎಸ್‌ಟಿಎಂ’ನಂಥ ಹೆಸರುಗಳೂ ಬರುತ್ತವೆ. ಒಳಗೆ ಏನಾಗಿದೆ ಅಂತ ನಿಜವಾಗಿ ನೋಡಬೇಕಾದರೆ #ಲೈನ್ ಇಲ್ಲದೆ ಒಮ್ಮೆ ಕಂಪೈಲ್ ಮಾಡಿ, ಆ ಸಿ ಫೈಲಿನಲ್ಲೇ ನಡೆಯಿರಿ. ನೋಡಿ, ತಿದ್ದಬೇಡಿ. ಮುಂದಿನ ಬಿಲ್ಡ್‌ನಲ್ಲಿ ಪ್ರೀಕಂಪೈಲರ್ ಅದನ್ನು ಹೊಸದಾಗಿ ಬರೆದುಹಾಕುತ್ತದೆ.